ಬೆನ್ನು ಮಳೆಗೆ, ಮುಖ ಮೂಡಲಿಗೆ: ಇಂಗ್ಲೆಂಡಿನ ಬೇಟೆನಾಯಿ ಮನೆಗಳಿಂದ ಮಲೆನಾಡಿಗೆ ಏನು ತರಬಹುದು

ಮಲೆನಾಡಿನಲ್ಲಿ ನಾಯಿಗೂಡು ಅಂದರೆ ಸಾಮಾನ್ಯವಾಗಿ ಎರಡರಲ್ಲಿ ಒಂದು. ಕೊಟ್ಟಿಗೆಯ ಮಾಡಿಗೆ ತಗಡು ಜೋಡಿಸಿ ಕೆಳಗೆ ಸರಪಳಿ ಕಟ್ಟುವುದು. ಅದಿಲ್ಲದಿದ್ದರೆ ವೆಲ್ಡಿಂಗ್ ಶಾಪಿನಲ್ಲಿ ನಾಲ್ಕಡಿ ಪಂಜರ ಮಾಡಿಸಿ ಅಂಗಳದ ಮೂಲೆಯಲ್ಲಿಡುವುದು. ಬೇಸಿಗೆಯಲ್ಲಿ ಎರಡೂ ನಡೆಯುತ್ತವೆ. ಆರಿದ್ರಾ ಮಳೆ ಹಿಡಿದು ಪುಷ್ಯಕ್ಕೆ ಬರುವ ಹೊತ್ತಿಗೆ ನಾಯಿಯ ಬೆರಳ ಸಂದಿ ಕೆಂಪಾಗಿ, ಕಿವಿ ನಾತ ಹೊಡೆದು, ಹೊಟ್ಟೆಯಡಿಯ ಕೂದಲು ಉದುರಲು ಶುರುವಾಗುತ್ತದೆ. ಮುಲಾಮು ತಂದು ಹಚ್ಚುತ್ತಾರೆ, ಇಂಜೆಕ್ಷನ್ ಕೊಡಿಸುತ್ತಾರೆ. ಒದ್ದೆ ನೆಲ ಹಾಗೇ ಇರುವುದರಿಂದ ಹದಿನೈದು ದಿನಕ್ಕೆ ಎಲ್ಲ ಮರಳಿ ಬರುತ್ತದೆ.

ತೇವದ ನೆಲದ ಮೇಲೆ ನಾಯಿ ಮಲಗಿಸಿದರೆ ಏನಾಗುತ್ತದೆ ಎಂಬುದನ್ನು ತಲೆಮಾರುಗಳ ಕಾಲ ಲೆಕ್ಕ ಹಾಕಿ ಕಟ್ಟಡ ಕಟ್ಟಿದವರು ಇಂಗ್ಲೆಂಡಿನ ನರಿಬೇಟೆಯವರು. ಅವರ ಫಾಕ್ಸ್‌ಹೌಂಡ್ ಹಿಂಡನ್ನು ಜೋಡಿಯ ಲೆಕ್ಕದಲ್ಲೇ ಎಣಿಸುತ್ತಾರೆ. ಐವತ್ತು ಜೋಡಿ ಎಂದರೆ ನೂರು ನಾಯಿ, ಒಂದೇ ಆವರಣದಲ್ಲಿ. ಒಂದಕ್ಕೆ ತಗುಲಿದ್ದು ಉಳಿದವಕ್ಕೆ ದಾಟಲು ಹೆಚ್ಚು ದಿನ ಬೇಡ. ಔಷಧ ಕಡಿಮೆಯಿದ್ದ ಆ ಕಾಲದಲ್ಲಿ ಕಟ್ಟಡವೇ ಔಷಧವಾಗಬೇಕಿತ್ತು.

ಬೇಟೆಯ ವಿಷಯ ಇಲ್ಲಿಗೇ ಮುಗಿಸಿಬಿಡೋಣ. ನಾಯಿ ಬಿಟ್ಟು ಕಾಡುಪ್ರಾಣಿ ಹಿಡಿಸುವುದು ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2004ರ ಕಾಯ್ದೆಯಿಂದ, ಕೆಲವು ವಿನಾಯಿತಿ ಬಿಟ್ಟು, ನಿಂತುಹೋಗಿದೆ. ಜಾರಿಗೆ ಬಂದದ್ದು 2005ರ ಫೆಬ್ರುವರಿ 18ರಂದು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ, ಹಂದಿ ಬೇಟೆಯ ಹಳೆಯ ಮಾತು ಜಗಲಿ ಹರಟೆಗಷ್ಟೇ. ಹಾಗಂತ ಬೇಟೆನಾಯಿಗೆ ಮರ್ಯಾದೆ ಕೊಟ್ಟವರು ಇಂಗ್ಲಿಷರೇ ಮೊದಲಿಗರಲ್ಲ. ಮಂಡ್ಯ ಸೀಮೆಯ ಆತಕೂರಿನ ಹತ್ತನೇ ಶತಮಾನದ ಶಾಸನ, ಹಂದಿಯೊಡನೆ ಕಾದಾಡಿ ಸತ್ತ ಕಾಳಿ ಎಂಬ ನಾಯಿಗೆ ನಿಲ್ಲಿಸಿದ ಕಲ್ಲು. ನಾವು ಕಲ್ಲು ನಿಲ್ಲಿಸಿದೆವು, ಅವರು ಮನೆ ಕಟ್ಟಿದರು.

ಆ ಮನೆಗಳಲ್ಲಿ ಹೆಚ್ಚು ಫೋಟೊ ತೆಗೆಸಿಕೊಳ್ಳುವವು ಶ್ರೀಮಂತರ ಶೋಕಿಯವು. ಸಸೆಕ್ಸ್‌ನ ಗುಡ್‌ವುಡ್‌ನಲ್ಲಿ ರಿಚ್‌ಮಂಡ್‌ನ ಮೂರನೇ ಡ್ಯೂಕ್‌ಗಾಗಿ ವಾಸ್ತುಶಿಲ್ಪಿ ಜೇಮ್ಸ್ ವ್ಯಾಟ್ 1787ರಲ್ಲಿ ಕಟ್ಟಿದ ಕೆನಲ್ (ನಾಯಿಮನೆ) ಮೇಲ್ನೋಟಕ್ಕೆ ಅರಮನೆಯೇ. ಡ್ಯೂಕನ ಸ್ವಂತ ಮನೆಗಿಂತ ಎಷ್ಟೋ ಮೊದಲು ಅಲ್ಲಿನ ನಾಯಿಗಳ ಕೋಣೆಗೆ ಬಿಸಿ ಮಾಡುವ ವ್ಯವಸ್ಥೆ ಬಂದಿತ್ತು. ಈಗ ಅದು ಕ್ಲಬ್ ಹೌಸ್. ಕೇಂಬ್ರಿಜ್‌ಶೈರ್‌ನ ಮಿಲ್ಟನ್ ಪಾರ್ಕಿನ ಹದಿನೆಂಟನೇ ಶತಮಾನದ ಕೆನಲ್ ಹೊರಗಿನಿಂದ ಪಾಳುಬಿದ್ದ ಮಧ್ಯಯುಗದ ಕೋಟೆಬಾಗಿಲು. ಪಾಳು ಬೇಕಂತಲೇ ಕಟ್ಟಿದ್ದು. ಸ್ಕಾಟ್ಲೆಂಡಿನಲ್ಲಿ ವಿಲಿಯಂ ಆಡಮ್ ಹ್ಯಾಮಿಲ್ಟನ್ ಡ್ಯೂಕ್‌ಗೆ ಕಟ್ಟಿಕೊಟ್ಟ ಶಾಟಲೆರೋ ಎಂಬ ಉದ್ದನೆಯ ಮಹಲನ್ನು ಡ್ಯೂಕ್ ತನ್ನ ‘ನಾಯಿಗೂಡು’ ಎಂದೇ ಕರೆಯುತ್ತಿದ್ದ. ಜಾನ್ ಸೋನ್ 1779ರಲ್ಲಿ ರೋಮನ್ ಶೈಲಿಯ ಗುಮ್ಮಟವಿಟ್ಟು ನಾಯಿಗಳಿಗೊಂದು ನಿವಾಸದ ನಕ್ಷೆ ಬರೆದ. ಕಟ್ಟಲಿಲ್ಲ, ಒಳ್ಳೆಯದೇ ಆಯಿತು. ಅದೇ ಕಾಲದಲ್ಲಿ ಅದೇ ಜಮೀನುಗಳಲ್ಲಿ ದುಡಿಯುತ್ತಿದ್ದ ಕೂಲಿಯವರ ಮನೆಗೆ ಈ ಬೆಚ್ಚಗೆ ಇರಲಿಲ್ಲ ಎಂಬುದನ್ನು ಈ ಫೋಟೊಗಳು ಹೇಳುವುದಿಲ್ಲ.

ನಮಗೆ ಬೇಕಾದದ್ದು ಕಂಬ ಗುಮ್ಮಟಗಳ ಹಿಂದೆ ಇರುವುದು: ಕೋಣೆಗಳ ಜೋಡಣೆ, ನೆಲದ ಇಳಿಜಾರು, ಮಲಗುವ ಮಂಚ.

ಸಾಧಾರಣ ಹಳ್ಳಿಯ ಬೇಟೆ ಕೆನಲ್‌ನ ನಕ್ಷೆ ಬಿಡಿಸಿ ನೋಡಿದರೆ ಮಧ್ಯದಲ್ಲಿ ಮಲಗುವ ಕೋಣೆಗಳ ಸಾಲು. ಗಂಡು ಹೆಣ್ಣಿಗೆ ಬೇರೆ ಬೇರೆ. ಪ್ರತಿ ಕೋಣೆಗೂ ಮುಂದೆ ಕಬ್ಬಿಣದ ಸರಳು ಹಾಕಿದ ಕಲ್ಲುಹಾಸಿನ ಅಂಗಳ, ಅದರಾಚೆ ಹುಲ್ಲಿನ ಬಯಲು. ಒಂದು ಪಕ್ಕಕ್ಕೆ ಊಟದ ಕೋಣೆ. ಅದಕ್ಕೆ ಹೊಂದಿಕೊಂಡು ಓಟ್ಸ್ ಹಿಟ್ಟಿನ ಗಂಜಿಯನ್ನು ದೊಡ್ಡ ಹಂಡೆಯಲ್ಲಿ ಕುದಿಸಿ, ಅಗಲದ ತೊಟ್ಟಿಯಲ್ಲಿ ಆರಿಸುವ ಒಲೆಮನೆ. ಸುತ್ತಲಿನ ರೈತರ ಸತ್ತ ದನ ಕುದುರೆಗಳನ್ನು ತಂದು ಸುಲಿಯುವ ಮಾಂಸದ ಮನೆ ಎಲ್ಲಕ್ಕಿಂತ ದೂರ, ಗಾಳಿ ಬೀಸಿ ಹೋಗುವ ಕಡೆಗೆ. ಮರಿ ಹಾಕುವ ನಾಯಿಗೆ ಬಿಸಿಲು ಬೀಳುವ ಬೇರೆ ಮೂಲೆ, ಕಾಯಿಲೆ ಬಿದ್ದವಕ್ಕೆ ಇನ್ನೊಂದು ಮೂಲೆ. ನೋಡಿಕೊಳ್ಳುವವನ ಮನೆ ನಾಯಿಗಳ ಸದ್ದು ಕೇಳುವಷ್ಟು ಹತ್ತಿರ, ರಾತ್ರಿ ಜಗಳ ಹತ್ತಿದರೆ ಎದ್ದು ಗದರಿಸಲಿಕ್ಕೆ. ಹಿಂಡಿನಲ್ಲಿ ಕಚ್ಚಾಟ ಶುರುವಾದರೆ ಕೆಳಗೆ ಬಿದ್ದ ನಾಯಿ ಉಳಿಯುವುದು ಅನುಮಾನ.

ಮಲಗುವ ಕೋಣೆ ಎರಡಿರಲೇಬೇಕು ಎಂದು 1781ರ ತನ್ನ ಬೇಟೆಯ ಪುಸ್ತಕದಲ್ಲೇ ಪೀಟರ್ ಬೆಕ್‌ಫರ್ಡ್ ಒತ್ತಿ ಹೇಳಿದ್ದ. ಒಂದೇ ಇದ್ದರೆ ಬೆಳಿಗ್ಗೆ ತೊಳೆದ ನೆಲ ಒಣಗುವ ಮೊದಲೇ ನಾಯಿಗಳನ್ನು ಒಳಗೆ ಬಿಡಬೇಕಾಗುತ್ತದೆ. ಇಡೀ ಕಟ್ಟಡದ ತಿರುಳು ಇದೇ. ತೊಳೆದದ್ದು ಒಣಗಲು ಹೊತ್ತು ಬೇಕು, ಆ ಹೊತ್ತಿಗೆ ನಾಯಿ ಬೇರೆಡೆ ಇರಬೇಕು. ಪುಷ್ಯ ಮಳೆಯ ದಿನ ನಮ್ಮಲ್ಲಿ ಸಿಮೆಂಟ್ ನೆಲ ಸಂಜೆಯಾದರೂ ಒಣಗುವುದಿಲ್ಲ. ಹಾಗಿರುವಾಗ ಇಂಗ್ಲೆಂಡಿಗಿಂತ ನಮಗೇ ಎರಡು ಕೋಣೆಯ ಅಗತ್ಯ ಹೆಚ್ಚು. ಆದರೂ ನಮ್ಮ ಕಡೆ ಯಾರೂ ಎರಡು ಕೋಣೆ ಕಟ್ಟಿಸುವುದಿಲ್ಲ, ‘ನಾಯಿಗೆ ಎರಡು ಕೋಣೆಯಾ’ ಅಂತ ನಗುತ್ತಾರೆ.

ತೇವಕ್ಕೆ ಅವರು ಹೆದರಲು ಇನ್ನೊಂದು ಕಾರಣವೂ ಇತ್ತು. ನಾಯಿಗಳು ಭುಜ, ಸೊಂಟ ಹಿಡಿದು ಕುಂಟುವ ಕಾಯಿಲೆಯೊಂದು ಹತ್ತೊಂಬತ್ತನೇ ಶತಮಾನದ ಹಿಂಡುಗಳನ್ನು ಕಾಡಿತು. ಕೆನಲ್ ಕುಂಟು ಅಂತಲೇ ಅದನ್ನು ಕರೆದರು. ನೆಲದಡಿಯ ಒರತೆಯೇ ಕಾರಣ ಎಂಬ ನಂಬಿಕೆ ಬಲವಾಗಿತ್ತು. ಹಾಗಾಗಿ ಜಾಗ ಆರಿಸುವಾಗಲೇ ಎತ್ತರ, ಒಣ ಮಣ್ಣು, ಬಿಸಿಲು ನೋಡುತ್ತಿದ್ದರು. ವಿಲಿಯಂ ಸೋಮರ್‌ವಿಲ್ 1735ರಲ್ಲಿ ಬರೆದ ಬೇಟೆಯ ಪದ್ಯದಲ್ಲೂ ನಾಯಿಮನೆ ಸಣ್ಣ ದಿಬ್ಬದ ಮೇಲೆ, ಮೂಡಣಕ್ಕೆ ಮುಖ ಮಾಡಿ ಇರಬೇಕೆಂಬ ಮಾತಿದೆ.

ಮೂಡಣ ನಮಗೂ ಸರಿ, ಕಾರಣ ಮಾತ್ರ ಬೇರೆ. ಅವರಿಗೆ ಬೇಕಾದದ್ದು ಬೆಳಗಿನ ಬಿಸಿಲು. ನಮಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಡುವಣದಿಂದ ಹೊಡೆಯುವ ಇರಚಲಿಗೆ ಬೆನ್ನು ಕೊಡುವುದು ಮುಖ್ಯ. ಆಗುಂಬೆಯ ವರ್ಷದ ಸರಾಸರಿ ಮಳೆಯೇ 7,000 ಮಿ.ಮೀ. ದಾಟುತ್ತದೆ. ತೀರ್ಥಹಳ್ಳಿ, ಹೊಸನಗರದ ಘಟ್ಟದಂಚಿನಲ್ಲಿ ಕಟ್ಟುವವರು ಪಡುವಣ ಮತ್ತು ತೆಂಕಣ ಗೋಡೆಗೆ ಕಿಟಕಿ ಇಡುವ ಆಸೆ ಬಿಡಬೇಕು. ಶಿವಮೊಗ್ಗ ಪೇಟೆ, ಭದ್ರಾವತಿ ಕಡೆ ಇಷ್ಟು ಬಿಗಿ ಬೇಡ. ಅಲ್ಲಿ ಏಪ್ರಿಲ್ ಮೇ ಸೆಕೆಯನ್ನೂ ನೋಡಬೇಕು.

ಇನ್ನು ಅಳತೆ. ನಾಲ್ಕು ನಾಯಿಗೆ, ಅಂದರೆ ನಾಡನಾಯಿ, ಮುಧೋಳ, ಲ್ಯಾಬ್ರಡಾರ್‌ನಷ್ಟು ಗಾತ್ರದವಕ್ಕೆ, ಒಳ ಅಳತೆಯಲ್ಲಿ 8 ಅಡಿ ಉದ್ದ 8 ಅಡಿ ಅಗಲದ ಎರಡು ಕೋಣೆ ಅಕ್ಕಪಕ್ಕ. ಎರಡರ ಮುಂದೆಯೂ 6 ಅಡಿಯ ಜಗಲಿ, ಅದೇ ಮಾಡಿನ ಕೆಳಗೆ. ಜಗಲಿಯಿಂದಾಚೆ 16 ಅಡಿ ಉದ್ದದ ಬಯಲು ಅಂಗಳ. ಮಳೆಗಾಲದ ಮೂರು ತಿಂಗಳು ನಾಯಿ ಹಗಲು ಕಳೆಯುವುದು ಜಗಲಿಯಲ್ಲೇ. ದುಡ್ಡು ಸಾಲದಿದ್ದರೆ ಅಂಗಳ ಚಿಕ್ಕದು ಮಾಡಿ, ಜಗಲಿ ಕಡಿಮೆ ಮಾಡಬೇಡಿ. ಇಂಗ್ಲೆಂಡಿನ ಹಳೆಯ ನಕ್ಷೆಗಳಲ್ಲಿ ಮುಚ್ಚಿದ ಜಗಲಿ ಅಷ್ಟಾಗಿ ಕಾಣುವುದಿಲ್ಲ. ಅವರ ನಕ್ಷೆಯನ್ನು ಇದ್ದ ಹಾಗೇ ತಂದರೆ ನಮ್ಮಲ್ಲಿ ಮೊದಲು ಕೆಡುವುದು ಇದೇ.

ಪಂಚಾಂಗ, ಅಂದರೆ ಗೋಡೆ ಏಳುವ ಅಡಿಗಟ್ಟು, ಸುತ್ತಲಿನ ನೆಲಕ್ಕಿಂತ ಒಂದೂವರೆಯಿಂದ ಎರಡು ಅಡಿ ಮೇಲಿರಲಿ. ಒಳಗೆ ಮಣ್ಣು ತುಂಬಿ ದಿಮ್ಮಸು ಹೊಡೆದು, ಅದರ ಮೇಲೆ 6 ಇಂಚು ಕಲ್ಲಿನ ಸೋಲಿಂಗ್ (ಒತ್ತಾಗಿ ಜೋಡಿಸಿದ ಕಲ್ಲುಹಾಸು), ಸಂದಿಗೆ ಮರಳು, ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ, ಆಮೇಲೆ 1:3:6ರ (ಸಿಮೆಂಟು, ಮರಳು, ಜೆಲ್ಲಿಯ ಪಾಲು) 4 ಇಂಚು ಕಾಂಕ್ರೀಟು. ಪ್ಲಾಸ್ಟಿಕ್ ಹಾಳೆ ಬಿಟ್ಟರೆ ಏನಾಗುತ್ತದೆಂದು ಆಶ್ಲೇಷಾ ಮಳೆಯಲ್ಲಿ ಗೊತ್ತಾಗುತ್ತದೆ, ಮೇಲಿನಿಂದ ಒಂದು ಹನಿ ಬೀಳದಿದ್ದರೂ ನೆಲ ಬೆವರುತ್ತದೆ. ಹಾಳೆಯ ಜೋಡಣೆಯಲ್ಲಿ ಒಂದರ ಮೇಲೊಂದು ಒಂದಡಿ ಹಾಯಬೇಕು, ಅಂಚನ್ನು ಗೋಡೆಯ ಬುಡಕ್ಕೆ ಮಡಚಿ ಏರಿಸಬೇಕು.

ಮೇಲಿನ ಪದರ ಸಣ್ಣ ಜೆಲ್ಲಿಯ 1:2:4, ಒಂದೂವರೆ ಇಂಚು, ಹಸಿಯಿರುವಾಗಲೇ ತೆಂಗಿನಕಡ್ಡಿ ಪೊರಕೆಯಲ್ಲಿ ಇಳಿಜಾರಿನ ದಿಕ್ಕಿಗೆ ಒಂದೇ ಸಲ ಎಳೆದು ಗೀರು ಮೂಡಿಸಬೇಕು. ಅಡ್ಡಕ್ಕೆ ಎಳೆದರೆ ಗೀರಿನಲ್ಲಿ ನೀರು ನಿಲ್ಲುತ್ತದೆ. ಮೇಸ್ತ್ರಿಗಳು ಪ್ರೀತಿಯಿಂದ ರೆಡ್ ಆಕ್ಸೈಡ್ ಹಾಕಿ ಮಿಂಚಿಸಲು ಬರುತ್ತಾರೆ, ಬೇಡವೆನ್ನಿ. ವಿಟ್ರಿಫೈಡ್ ಟೈಲ್ಸ್ ಅದಕ್ಕಿಂತ ಕೆಟ್ಟದ್ದು. ಒದ್ದೆಯಾದಾಗ ಹಿಂಗಾಲು ಜಾರಿ ಅಗಲವಾಗಿ ಬೀಳುವ ಮರಿನಾಯಿಗೆ ಸೊಂಟದ ಕೀಲಿನ ತೊಂದರೆ ಬೆಳೆಯಬಹುದು. ಇಂಗ್ಲೆಂಡಿನವರು ಕಲ್ಲುಚಪ್ಪಡಿ, ಮುಂದೆ ಗಟ್ಟಿ ನೀಲಿ ಇಟ್ಟಿಗೆ ಬಳಸಿದರು. ಚಪ್ಪಡಿ ನಮ್ಮಲ್ಲೂ ಸಿಗುತ್ತದೆ, ಆದರೆ ಸಂದಿಯ ಸಿಮೆಂಟು ಎರಡು ಮೂರು ವರ್ಷಕ್ಕೆ ಎದ್ದು ಅಲ್ಲಿ ಮೂತ್ರ ಇಂಗುತ್ತದೆ. ಅಂಗಳಕ್ಕೆ ಚಪ್ಪಡಿ ಆಗಬಹುದು, ಕೋಣೆಗೆ ಬೇಡ.

ಇಳಿಜಾರು ಕೋಣೆಯಲ್ಲಿ 8 ಅಡಿಗೆ ಎರಡೂವರೆ ಇಂಚು, ಅಂಗಳದಲ್ಲಿ 16 ಅಡಿಗೆ 4 ಇಂಚು. ಇಳಿಜಾರು ಹಿಂಗೋಡೆಯಿಂದ ಬಾಗಿಲಿಗೆ, ಬಾಗಿಲಿಂದ ಜಗಲಿಯಂಚಿಗೆ. ಕೋಣೆಯೊಳಗೆ ಜಾಲರಿ, ಪೈಪು, ಗುಂಡಿ ಯಾವುದೂ ಇರಬಾರದು. ಒಳ್ಳೆಯ ಕೆನಲ್‌ಗಳಲ್ಲಿ ನೀರು ನೆಲದ ಮೇಲೆಯೇ ಹರಿದು ಹೊರಗೆ ಬಂದು ಬಯಲು ಚರಂಡಿಗೆ ಬೀಳುತ್ತಿತ್ತು. ಒಳಗಿನ ಪೈಪಿಗೆ ಕೂದಲು ಕಟ್ಟಿಕೊಂಡರೆ ಅದು ಕಣ್ಣಿಗೆ ಕಾಣುವುದಿಲ್ಲ, ಬರೀ ನಾರುತ್ತದೆ. ಬಯಲು ಚರಂಡಿ 6 ಇಂಚು ಅಗಲ, 2 ಇಂಚು ಆಳ, ತಳ ದುಂಡಗೆ. ಚೌಕ ಚರಂಡಿಯ ಮೂಲೆಗೆ ಪೊರಕೆ ಹೋಗುವುದಿಲ್ಲ.

ಮಾಡಿನ ನೀರನ್ನು ಈ ಚರಂಡಿಗೆ ಬಿಡಲೇಬಾರದು. ಸುಮಾರು 450 ಚದರಡಿಯ ಮಾಡಿನ ಮೇಲೆ ಒಂದು ದಿನ 100 ಮಿ.ಮೀ. ಮಳೆ ಬಿದ್ದರೆ ನಾಲ್ಕು ಸಾವಿರ ಲೀಟರಿಗೂ ಮೇಲೆ ನೀರು ಇಳಿಯುತ್ತದೆ. ಅದು ನಾಯಿಯ ಹೊಲಸಿನ ಜೊತೆ ಸೇರಿದರೆ ಗುಂಡಿ ತುಂಬಿ ತೋಟಕ್ಕೆ ಹರಿಯುತ್ತದೆ. ಮಾಡಿನ ನೀರಿಗೆ ಬೇರೆ ಕಾಲುವೆ, ಹೊಲಸಿಗೆ ಬೇರೆ ಗುಂಡಿ. ಗುಡ್‌ವುಡ್‌ನಲ್ಲಿ ಹೊಲಸನ್ನು ನೆಲದಡಿಯ ತೊಟ್ಟಿಗೆ ಇಳಿಸಿ, ಅಲ್ಲಿಂದ ಗೊಬ್ಬರಕ್ಕೆ ಸಾಗಿಸುತ್ತಿದ್ದರು. ಅದನ್ನು ನೋಡಿ ನಾಯಿ ಹೊಲಸನ್ನು ಸೊಪ್ಪು ತರಕಾರಿ ಮಡಿಗೆ ಹಾಕಬೇಡಿ. ಜಂತುಹುಳದ ಮೊಟ್ಟೆ ಒದ್ದೆ ಮಣ್ಣಿನಲ್ಲಿ ಬಹಳ ಕಾಲ ಬದುಕುತ್ತದೆ, ಕೊಕ್ಕೆಹುಳದ ಮರಿ ಬರಿಗಾಲಿನ ಮಕ್ಕಳಿಗೆ ಹತ್ತುತ್ತದೆ. ಬಾವಿಯಿಂದ ದೂರ, ಇಳಿಜಾರಿನ ಕೆಳಗೆ, ಮುಚ್ಚಳವಿರುವ ಗುಂಡಿ ತೋಡಿ.

ಗೋಡೆಗೆ ನಮ್ಮಲ್ಲಿ ಜಂಬಿಟ್ಟಿಗೆ ಕಲ್ಲು ಸುಲಭ, ಅಗ್ಗ. ಆದರೆ ಅದರ ಮೈತುಂಬ ತೂತು. ಒಳಗೋಡೆಯ ಕೆಳಗಿನ ಮೂರು ವರಸೆ ಬರಿಗಲ್ಲಾಗಿ ಬಿಟ್ಟರೆ ಗಂಡುನಾಯಿ ಕಾಲೆತ್ತಿದ ಮೂತ್ರ ಕುಡಿದು ಆ ಗೋಡೆ ಆಯುಷ್ಯಪೂರ್ತಿ ನಾರುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಉಣುಗು. ನಾಯಿಯ ಕಂದು ಉಣುಗು ರಕ್ತ ಕುಡಿದು ಉಬ್ಬಿದ ಮೇಲೆ ಕೆಳಗುದುರಿ ಗೋಡೆ ಹತ್ತುತ್ತದೆ, ಬಿರುಕಿನಲ್ಲಿ ಸಾವಿರಾರು ಮೊಟ್ಟೆ ಇಡುತ್ತದೆ. ನಾಯಿಗೆ ಎಷ್ಟು ಔಷಧ ಹಾಕಿದರೂ ಗೋಡೆಯ ತೂತು ಮುಚ್ಚದೆ ಉಣುಗು ಹೋಗುವುದಿಲ್ಲ. ಒಳಗೆ ನೆಲದಿಂದ ನಾಲ್ಕಡಿಯವರೆಗೆ ನುಣುಪಾದ ಸಿಮೆಂಟ್ ಪ್ಲಾಸ್ಟರ್, ನೆಲ ಗೋಡೆ ಸೇರುವಲ್ಲಿ ಮೂಲೆ ದುಂಡಗೆ. ಅದರ ಮೇಲೆ ಸುಣ್ಣ. ವರ್ಷಕ್ಕೆ ಎರಡು ಸಲ, ಮೇ ತಿಂಗಳಲ್ಲೊಮ್ಮೆ, ದೀಪಾವಳಿ ಹೊತ್ತಿಗೊಮ್ಮೆ. ಸುಣ್ಣವನ್ನು ಹಿಂದಿನ ರಾತ್ರಿಯೇ ಅರಳಿಸಿ, ಸೋಸಿ, ಹಾಲಿನ ಹದಕ್ಕೆ ತಂದು ಎರಡು ಕೈ ಬಳಿಯಿರಿ. ಪೂರ್ತಿ ಒಣಗುವವರೆಗೆ ನಾಯಿಯನ್ನು ಇನ್ನೊಂದು ಕೋಣೆಯಲ್ಲಿಡಿ. ಹಸಿ ಸುಣ್ಣ ನೆಕ್ಕಿದರೆ ಬಾಯಿ ಸುಡುತ್ತದೆ, ಪಾದವೂ ಸುಡುತ್ತದೆ. ಪಡುವಣ ಗೋಡೆಗೆ ಹೊರಗಿನಿಂದ ಅಡಿಕೆ ಸೋಗೆಯ ತಟ್ಟಿ ಕಟ್ಟುವ ನಮ್ಮ ಹಳೆಯ ರೂಢಿಗೆ ಸಮನಾದ ಪ್ಲಾಸ್ಟರ್ ಇನ್ನೂ ಬಂದಿಲ್ಲ.

ಉಣುಗಿನ ಮಾತು ಬಂದ ಮೇಲೆ ಇದನ್ನೂ ಹೇಳಬೇಕು. ಮಂಗನ ಕಾಯಿಲೆಯನ್ನು 1957ರಲ್ಲಿ ಮೊದಲು ಗುರುತಿಸಿದ್ದೇ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದನ್ನು ಹರಡುವುದು ಕಾಡಿನ ಉಣುಗು, ಮನೆಗೋಡೆಯ ಉಣುಗಲ್ಲ. ಆದರೆ ಸೊಪ್ಪಿನ ಬೆಟ್ಟ ಸುತ್ತಿ ಬಂದ ನಾಯಿ ಮೈಮೇಲೆ ಅದನ್ನೂ ಹೊತ್ತು ತರಬಲ್ಲದು. ಗೂಡಿನ ಸುತ್ತ ಹದಿನೈದು ಅಡಿ ದರಗು, ಪೊದೆ ಇಲ್ಲದೆ ಗುಡಿಸಿಟ್ಟುಕೊಳ್ಳಿ. ಕೊಟ್ಟಿಗೆಗೆ ಹಾಸುವ ದರಗನ್ನು ನಾಯಿಗೆ ಹಾಸಲೇಬೇಡಿ.

ಮಾಡು ಮಂಗಳೂರು ಹೆಂಚಿನದೇ ಒಳ್ಳೆಯದು. ತಗಡಿನ ಮೇಲೆ ಮಳೆ ಜಡಿಯುವ ಸದ್ದಿಗೆ ಕೆಲವು ನಾಯಿ ರಾತ್ರಿಯಿಡೀ ಮಲಗುವುದಿಲ್ಲ, ಬೇಸಿಗೆಯಲ್ಲಿ ಕಾವೂ ಹೆಚ್ಚು. ತಗಡೇ ಹಾಕುವುದಾದರೆ ಕೆಳಗೆ ಅಡಿಕೆ ದಬ್ಬೆಯ ಅಟ್ಟ ಕೊಡಿ. ಪಡುವಣದ ಕಡೆ ಮಾಡು ಗೋಡೆಯಿಂದ ನಾಲ್ಕಡಿ ಹೊರಗೆ ಚಾಚಿರಲಿ. ಗೋಡೆ ಮತ್ತು ಮಾಡಿನ ನಡುವೆ ಮೂಡಣ ಬಡಗಣಗಳಲ್ಲಿ ಒಂದಡಿ ಸಂದು ಬಿಟ್ಟು ಜಾಲರಿ ಬಡಿಯಿರಿ. ಗುಡ್‌ವುಡ್‌ನಲ್ಲಿ ತಣ್ಣನೆಯ ಗಾಳಿಗೆ ಮೇಲ್ಗಡೆ ಕಂಡಿ, ಚಳಿ ಹೆಚ್ಚಾದರೆ ಒಲೆ ಇತ್ತು. ನಮಗೆ ಕಂಡಿ ಸಾಕು. ಒಲೆಯ ಕೆಲಸವನ್ನು ಬಚ್ಚಲ ಒಲೆ ಮಾಡುತ್ತದೆ, ಹೇಗೆಂದು ಮುಂದೆ ಹೇಳುತ್ತೇವೆ.

ಮಂಚ. ಇಂಗ್ಲೆಂಡಿನ ಮಲಗುವ ಕೋಣೆಗಳಲ್ಲಿ ಗೋಡೆಯುದ್ದಕ್ಕೂ ಮರದ ಪಟ್ಟಿಯ ಮಂಚ, ಮೇಲೆ ಹುಲ್ಲು. ನೆಲ ತೊಳೆಯುವಾಗ ಎತ್ತಿ ಗೋಡೆಗೆ ಸಿಕ್ಕಿಸಲು ಹಿಂಬದಿಗೆ ಕೀಲು. ಹುಲ್ಲು ಜಾರಿ ಬೀಳದಂತೆ ಮುಂಬದಿಗೆ ನಾಲ್ಕು ಬೆರಳಿನ ತಡೆಪಟ್ಟಿ. ನಾಯಿ ಅಡಿಗೆ ನುಗ್ಗಿ ಒದ್ದೆ ನೆಲದಲ್ಲಿ ಮಲಗದಂತೆ ಕೆಳಗೂ ಹಲಗೆ. ನಮ್ಮಲ್ಲಿ ಸಾಗುವಾನಿಯ ದುಡ್ಡು ಸುರಿಯಬೇಕಿಲ್ಲ, ಹಳೆಯ ಅಡಿಕೆ ಮರ ಸೀಳಿದ ದಬ್ಬೆ ಸಾಕು. ಬಲಿತ ಮರದ ಬುಡದ ಹತ್ತಡಿ ಮಾತ್ರ ತೆಗೆದುಕೊಳ್ಳಿ. ಒಳಗಿನ ತಿರುಳು ಪೂರ್ತಿ ಕೆತ್ತಿ, ಗಟ್ಟಿ ಹೊರಮೈ ಮೇಲೆ ಬರುವಂತೆ ಜೋಡಿಸಿ, ಸೀಳಿನ ಸಿಬರು ಮರಳು ಕಾಗದದಲ್ಲಿ ಉಜ್ಜಿ. ಎರಡು ದಬ್ಬೆಯ ನಡುವೆ ಅರ್ಧ ಇಂಚು ಸಂದು. ಅದಕ್ಕಿಂತ ಹೆಚ್ಚಾದರೆ ಮರಿಯ ಬೆರಳು ಸಿಕ್ಕಿಕೊಳ್ಳುತ್ತದೆ, ಕಡಿಮೆಯಾದರೆ ನೀರು ಇಳಿಯುವುದಿಲ್ಲ. ಎರಡು ನಾಯಿಗೆ 6 ಅಡಿ ಉದ್ದ 4 ಅಡಿ ಅಗಲ, ನೆಲದಿಂದ ಒಂದಡಿ ಎತ್ತರ. ಕಬ್ಬಿಣದ ಮೊಳೆ ಒಂದೇ ಮಳೆಗಾಲಕ್ಕೆ ತುಕ್ಕು ಹಿಡಿದು ತಲೆ ಎತ್ತುತ್ತದೆ, ಸ್ಟೀಲ್ ಸ್ಕ್ರೂ ಹಾಕಿ ತಲೆ ಒಳಗೆ ಇಳಿಸಿ. ಮಂಚದ ಮುಂದಿನ ಅಂಚಿಗೆ ಎಲ್ ಆಕಾರದ ಕಬ್ಬಿಣದ ಆಂಗಲ್ ಕಟ್ಟಿದರೆ ಕಚ್ಚುವ ನಾಯಿಯಿಂದ ಉಳಿಯುತ್ತದೆ. ಕೀಲಿನ ಬದಲು ಮಂಚವನ್ನು ಬಿಡಿಯಾಗಿಯೇ, ಎರಡು ತುಂಡಾಗಿ ಮಾಡಿಸುವುದು ನಮಗೆ ಮೇಲು. ಬಿಸಿಲು ಕಂಡ ದಿನ ಎತ್ತಿ ಅಂಗಳಕ್ಕೆ ಹಾಕಬಹುದು, ಗೋಡೆಗೆ ತಾಗಿದ ಕೀಲಿನಲ್ಲಿ ಉಣುಗು ಕೂರುವುದೂ ತಪ್ಪುತ್ತದೆ. ದಬ್ಬೆಗೆ ಎರಡು ಮೂರು ವರ್ಷಕ್ಕೆ ಕುಟ್ಟೆ ಹಿಡಿಯುತ್ತದೆ, ಆಗ ಬದಲಿಸಿ.

ಹಾಸಲು ಭತ್ತದ ಹುಲ್ಲು ನವೆಂಬರ್‌ನಿಂದ ಮೇವರೆಗೆ ಚೆನ್ನ. ಮಳೆಗಾಲದಲ್ಲಿ ಅದು ಗಾಳಿಯ ತೇವ ಕುಡಿದು ಬೂಸು ಹಿಡಿಯುತ್ತದೆ, ನಾಯಿಗೆ ತುರಿಕೆ ಹತ್ತುತ್ತದೆ. ಆಗ ಗೋಣಿಚೀಲ, ಪ್ರತಿ ನಾಯಿಗೆ ಮೂರರಂತೆ: ಒಂದು ಮಂಚದ ಮೇಲೆ, ಒಂದು ತೊಳೆಯಲು, ಒಂದು ಬಚ್ಚಲ ಒಲೆಯ ಮೇಲಿನ ಅಟ್ಟದಲ್ಲಿ ಒಣಗುತ್ತಾ. ಅಡಿಕೆ ಒಣಗಿಸುವ ಡ್ರೈಯರ್ ಇದ್ದವರಿಗೆ ಇನ್ನೂ ಸುಲಭ, ಮನೆಯವರು ಒಪ್ಪಿದರೆ.

ಸರಳು, ಬಾಗಿಲು ನಮ್ಮಲ್ಲಿ ಇನ್ನೊಂದು ಕೆಲಸವನ್ನೂ ಮಾಡಬೇಕು. ಇಂಗ್ಲೆಂಡಿನಲ್ಲಿ ಸರಳು ಇದ್ದದ್ದು ನಾಯಿ ಹೊರಗೆ ಹೋಗದಿರಲಿ ಎಂದು, ಇಲ್ಲಿ ಚಿರತೆ ಒಳಗೆ ಬರದಿರಲಿ ಎಂದೂ ಬೇಕು. ಆರಡಿ ಬೇಲಿ ಚಿರತೆಗೆ ಲೆಕ್ಕಕ್ಕಿಲ್ಲ. ರಾತ್ರಿ ನಾಯಿ ಇರುವ ಭಾಗಕ್ಕೆ ಮೇಲ್ಗಡೆಯೂ ಜಾಲರಿ ಬೇಕೇ ಬೇಕು. ಚೈನ್‌ಲಿಂಕ್ ಎಳೆದರೆ ಜೋತು ಬೀಳುತ್ತದೆ. ಎರಡಿಂಚು ಕಣ್ಣಿನ, 10 ಗೇಜಿನ ವೆಲ್ಡ್ ಮೆಶ್ (ಬೆಸೆದ ತಂತಿಯ ಜಾಲರಿ) ಹಾಕಿಸಿ, ಚೌಕಟ್ಟಿಗೆ ಒಳಗಿನಿಂದಲ್ಲ, ಹೊರಗಿನಿಂದ ಬೆಸುಗೆ ಮಾಡಿಸಿ. ಹೊರಗಿನ ತಳ್ಳು ಚೌಕಟ್ಟಿನ ಮೇಲೆ ಬೀಳಬೇಕು, ಬೆಸುಗೆಯ ಮೇಲಲ್ಲ. ಸರಳೇ ಹಾಕುವುದಾದರೆ ನಿಲುವಾಗಿ ಹಾಕಿ, ಅಡ್ಡಸರಳು ನಾಯಿಗೆ ಏಣಿ. ಕೆಳಗಿನ ಎರಡಡಿಗೆ ಅರ್ಧ ಇಂಚಿನ ಸಣ್ಣ ಜಾಲರಿ; ಅನ್ನ ಚೆಲ್ಲಿದಲ್ಲಿಗೆ ಇಲಿ, ಇಲಿಯ ಹಿಂದೆ ಹಾವು. ಇಲಿಯ ಮೂತ್ರದಿಂದ ಇಲಿಜ್ವರ ನಾಯಿಗೂ ಮನೆಯವರಿಗೂ ಬರುತ್ತದೆ, ತಿಂದು ಬಿಟ್ಟ ತಟ್ಟೆ ರಾತ್ರಿ ಒಳಗೆ ಉಳಿಯಬಾರದು. ಬೇಲಿಯ ಬುಡ ಒಂದಡಿ ಕಾಂಕ್ರೀಟಿನೊಳಗೆ ಇಳಿದಿರಲಿ, ಕೆರೆಯುವ ನಾಯಿ ಒಂದೇ ರಾತ್ರಿಯಲ್ಲಿ ದಾರಿ ಮಾಡುತ್ತದೆ. ಹೊರಬಾಗಿಲು ಎರಡು, ನಡುವೆ ನಾಲ್ಕಡಿ ಜಾಗ: ಒಂದು ಮುಚ್ಚಿದ ಮೇಲೆಯೇ ಇನ್ನೊಂದು ತೆರೆಯುವುದು. ಬಾಗಿಲ ಕಂಬದ ಅಂಚು ದುಂಡಗೆ ಮಾಡಿಸಿ. ಊಟಕ್ಕೆ ನುಗ್ಗುವಾಗ ಚೂಪು ಅಂಚಿಗೆ ಸೊಂಟ ಬಡಿದುಕೊಳ್ಳುತ್ತವೆ.

ಕಾಯಿಲೆ ನಾಯಿಯ ಮೂಲೆ ಚಿಕ್ಕದಾದರೂ ಪ್ರತ್ಯೇಕ ಇರಲಿ, ಅದರ ನೀರು ಉಳಿದ ಅಂಗಳದ ಮೇಲೆ ಹರಿಯದಂತೆ. ಮರಿಗಳಿಗೆ ವಾಂತಿ ಭೇದಿ ಹಿಡಿಸುವ ಪಾರ್ವೋ ಬಂದು ಹೋದ ಮಣ್ಣಿನಲ್ಲಿ ಅದರ ವೈರಸ್ ತಿಂಗಳುಗಟ್ಟಲೆ ಉಳಿಯುತ್ತದೆ. ಕಾಂಕ್ರೀಟನ್ನಾದರೆ ಮೊದಲು ಸೋಪಿನಲ್ಲಿ ಉಜ್ಜಿ, ಆಮೇಲೆ ಒಂದು ಪಾಲು ಬ್ಲೀಚ್ ದ್ರಾವಣಕ್ಕೆ ಮೂವತ್ತು ಪಾಲು ನೀರು ಬೆರೆಸಿ ಹತ್ತು ನಿಮಿಷ ನಿಲ್ಲಿಸಿ ತೊಳೆಯಬಹುದು. ಹೊಲಸಿನ ಮೇಲೆಯೇ ಬ್ಲೀಚ್ ಸುರಿದರೆ ಅದರ ಶಕ್ತಿ ಹೊಲಸಿಗೇ ಖರ್ಚಾಗುತ್ತದೆ. ಮರಿ ಹಾಕುವ ಜಾಗಕ್ಕೆ 6 ಅಡಿಗೆ 4 ಅಡಿ ಸಾಕು. ಗೋಡೆಯಿಂದಲೂ ನೆಲದಿಂದಲೂ ನಾಲ್ಕಿಂಚು ಬಿಟ್ಟು ಸುತ್ತ ಒಂದು ಕೋಲು ಕಟ್ಟಿ, ತಾಯಿ ಒರಗಿದಾಗ ಮರಿ ನಜ್ಜಾಗದು.

ಕೆಲಸವನ್ನು ದೀಪಾವಳಿ ಕಳೆದ ಮೇಲೆ ಹಿಡಿದರೆ ಶಿವರಾತ್ರಿಯೊಳಗೆ ಮುಗಿಯುತ್ತದೆ. ಕಾಂಕ್ರೀಟಿಗೆ ಎರಡು ವಾರ ನೀರುಣಿಸಿ. ಆಮೇಲೆ ಮೇಸ್ತ್ರಿಯ ಬಾಕಿ ಕೊಡುವ ಮೊದಲು ಪ್ರತಿ ಕೋಣೆಗೂ ಹಿಂಗೋಡೆಯ ಬುಡದಿಂದ ಎರಡು ಕೊಡ ನೀರು ಸುರಿದು ಹತ್ತು ನಿಮಿಷ ಕಾಯಿರಿ. ಎಲ್ಲೆಲ್ಲಿ ನೀರು ನಿಂತಿದೆಯೋ ಅಲ್ಲಿ ಸೀಮೆಸುಣ್ಣದಲ್ಲಿ ಗುರುತು ಮಾಡಿ. ಅಂಗೈಯಗಲದ ಗುಂಡಿಯಾದರೂ ಸರಿ, ಕೆತ್ತಿ ಮತ್ತೆ ಹಾಕಿಸಿ. ಮೇಲಿನಿಂದ ತೆಳ್ಳಗೆ ಸಿಮೆಂಟು ಸವರಿದರೆ ಆರು ತಿಂಗಳಿಗೆ ಹಪ್ಪಳದಂತೆ ಏಳುತ್ತದೆ.